ಕಿಸ್ವಾದ ಅಕ್ಷರ, ನಮ್ಮ ಗೋಡೆಯ ಫ್ರೇಮು

ಅಕ್ಸ್‌ಬ್ರಿಡ್ಜ್‌ನ ನಮ್ಮ ಮನೆಯ ಹಾಲಿನಲ್ಲಿ ಒಂದು ಫ್ರೇಮ್ ಉಂಟು. ಕಪ್ಪು ಬಟ್ಟೆಯ ಮೇಲೆ ಹೊಳೆಯುವ ಅಕ್ಷರ. ಉಮ್ರಾಕ್ಕೆ ಹೋದಾಗ ಅಂಗಡಿಯವನೊಬ್ಬ "ಅಸಲಿ ಕಿಸ್ವಾದ ತುಂಡು" ಎಂದದ್ದನ್ನು ನಂಬಿ ತಂದದ್ದು. ಆರು ವರ್ಷ ಅದರ ಕೆಳಗೆ ಕೂತು ಚಹಾ ಕುಡಿದೆವು. ಮೊನ್ನೆ ಮದ್ರಸಕ್ಕೆ ಹೋಗುವ ಸಣ್ಣ ಹುಡುಗಿಯೊಬ್ಬಳು ಬಂದವಳು, "ಇದು ತಲೆಕೆಳಗೆ ಉಂಟಲ್ಲ" ಅಂದಳು. ನೋಡಿದರೆ ಹೌದು ಮಾರಾಯ್ರೆ!

ನಾಚಿಕೆ ಆಯ್ತು. ರಸೀದಿ ಇಲ್ಲದೆ ಹತ್ತು ಪೌಂಡಿನ ಲೆಕ್ಕ ಬರೆಯದ ನಾವು, ಅಷ್ಟು ದುಡ್ಡು ಕೊಟ್ಟು ತಂದದ್ದರಲ್ಲಿ ಏನು ಬರೆದಿದೆ ಎಂದು ಕೇಳಲೇ ಇಲ್ಲ.

ಕಿಸ್ವಾದಲ್ಲಿ ಅಕ್ಷರ ಎರಡು ಬಗೆ. ಕಪ್ಪು ರೇಷ್ಮೆಯಲ್ಲಿ ಕಪ್ಪಾಗಿಯೇ ನೇಯ್ದ "ಯಾ ಅಲ್ಲಾಹ್", ಕಲಿಮಾ. ಇದು ಹತ್ತಿರ ಹೋದರೆ ಮಾತ್ರ ಕಾಣುತ್ತದೆ. ಇನ್ನೊಂದು, ಸುತ್ತಲೂ ಸುಮಾರು 47 ಮೀಟರ್ ಉದ್ದದ ಹಿಝಾಂ ಎಂಬ ಪಟ್ಟಿಯಲ್ಲಿ ಥುಲುಥ್ ಶೈಲಿಯಲ್ಲಿ ಕಸೂತಿ ಮಾಡಿದ ಕುರ್‌ಆನಿನ ಆಯತುಗಳು. ಹತ್ತಿಯ ನೂಲನ್ನು ಒಳಗೆ ತುಂಬಿಸಿ ಅಕ್ಷರ ಉಬ್ಬಿಸುತ್ತಾರೆ. ಅದರ ಮೇಲೆ ಚಿನ್ನದ ನೀರು ಕೊಟ್ಟ ಬೆಳ್ಳಿ ತಂತಿಯನ್ನು ಕೈಯಿಂದಲೇ ಹೊಲಿಯುತ್ತಾರೆ. ಥುಲುಥ್‌ನಲ್ಲಿ ಪದದ ಮೇಲೆ ಪದ ಕೂರುವುದರಿಂದ ಓದಲು ಕಷ್ಟ, ನಿಜ. ಆದರೂ ಅದು ಓದಲಿಕ್ಕೆಂದೇ ಬರೆದದ್ದು.

ಬರೆದವರು, ಹೊಲಿದವರು ಯಾರು? ನಮಗೆ ಇದು ಮುಖ್ಯ. ಶತಮಾನಗಳ ಕಾಲ ಕಿಸ್ವಾ ಈಜಿಪ್ಟಿನಿಂದ ಬರುತ್ತಿತ್ತು. 1926ರ ಹಜ್ಜಿನಲ್ಲಿ ಮಹ್ಮಲ್ ವಿಷಯಕ್ಕೆ ಗಲಾಟೆಯಾಗಿ ಅದು ನಿಂತಿತು. ಮರುವರ್ಷ ಮಕ್ಕಾದ ಅಜ್ಯಾದ್‌ನಲ್ಲಿ ಕಾರ್ಖಾನೆ ತೆರೆದಾಗ ಮಗ್ಗವೂ ನೇಕಾರರೂ ಹೋದದ್ದು ನಮ್ಮ ಭಾರತದಿಂದ. ಈಚೆಗೆ ಕಿಸ್ವಾದ ಅಕ್ಷರ ಬರೆದ ಮುಖ್ತಾರ್ ಆಲಂ ಬಾಂಗ್ಲಾದೇಶ ಮೂಲದವರು; ಸೌದಿ ಪೌರತ್ವ ಸಿಕ್ಕಿದ್ದು 2021ರಲ್ಲಿ. ಬಾಗಿಲಿನ ಪರದೆಯಲ್ಲಿ ಅದನ್ನು ಅರ್ಪಿಸಿದ ರಾಜರ ಹೆಸರು ಉಂಟು. ನೇಯ್ದವರದ್ದು ಇಲ್ಲ. ಪರದೇಶದಲ್ಲಿ ದುಡಿಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆ 'ಅಸಲಿ ತುಂಡು'. ಹಿಂದೆ ಕಅಬಾದ ಬೀಗದ ಕೈ ಇರುವ ಮನೆತನದವರು ಹಳೆಯ ಕಿಸ್ವಾ ಕತ್ತರಿಸಿ ಹಾಜಿಗಳಿಗೆ ಮಾರುತ್ತಿದ್ದದ್ದು ಹೌದು. ಈಗ ಇಳಿಸಿದ ಬಟ್ಟೆ ಸರಕಾರದ ವಶಕ್ಕೆ ಹೋಗುತ್ತದೆ. ಗಣ್ಯರಿಗೆ, ಸಂಸ್ಥೆಗಳಿಗೆ ಉಡುಗೊರೆಯಾಗಿ ಕೊಡುತ್ತಾರೆ. ಬೀದಿ ಅಂಗಡಿಯಲ್ಲಿ ಸಿಗುವುದು ಮೆಷಿನ್ನಿನ ಕೆಲಸ. ಚಂದಕ್ಕೆ ಬೇಕಾದರೆ ತನ್ನಿ, ಬೇಡ ಅನ್ನುವುದಿಲ್ಲ. ಆದರೆ 'ಅಸಲಿ' ಎಂಬ ಮಾತಿಗೆ ಒಂದು ತಿಂಗಳ ಸಂಬಳ ಕೊಡಬೇಡಿ. ಗಲ್ಫಿನಲ್ಲಿ ಬಿಸಿಲಿಗೆ ನಿಂತು ದುಡಿದವರೇ ಹೆಚ್ಚು ಮೋಸ ಹೋಗುವುದು. ಊರಿನ ಉಮ್ಮನಿಗೆ ಬರ್ಕತ್ ಇರುವ ಏನಾದರೂ ಒಯ್ಯಬೇಕು ಎಂಬ ಆಸೆ ಅವರದ್ದು.

ಕೈಕೆಲಸಕ್ಕೇ ದುಡ್ಡು ಕೊಡುವುದಾದರೆ ಕಾಸರಗೋಡಿನ ತಳಂಗರೆ ಟೊಪ್ಪಿ ಉಂಟು. ಮನೆಯಲ್ಲಿ ಕೂತು ಹೆಂಗಸರು ಸೂಜಿ ಹಿಡಿದು ಹೊಲಿದ ಟೊಪ್ಪಿ ಒಂದು ಕಾಲದಲ್ಲಿ ಗಲ್ಫಿಗೆಲ್ಲ ಹೋಗುತ್ತಿತ್ತು. ಮೆಷಿನ್ ಟೊಪ್ಪಿ ಬಂದು ಅವರ ಕೆಲಸ ಕುಗ್ಗಿದೆ. ಈ ಸಲ ರಜೆಗೆ ಹೋದಾಗ ಎರಡು ಕೊಳ್ಳುವುದೆಂದು ನಾವು ತೀರ್ಮಾನಿಸಿದ್ದೇವೆ, ಚೌಕಾಸಿ ಇಲ್ಲದೆ.

ಫ್ರೇಮನ್ನು ತಿರುಗಿಸಿ ತೂಗು ಹಾಕಿದ್ದೇವೆ. ಎರಡು ಪದ ಓದಲಿಕ್ಕೆ ಆಯಿತು. ಉಳಿದದ್ದಕ್ಕೆ ಆ ಹುಡುಗಿಯನ್ನು ಶನಿವಾರ ಬರಲಿಕ್ಕೆ ಹೇಳಿದ್ದೇವೆ.