ಅಜ್ಜಿಯ ಕಣ್ಣಳತೆ ಬಿಯರ್ ಬಾಟಲಿಗೆ ಬೇಡ

ಹೋದ ಎಪಿಸೋಡಿನಲ್ಲಿ, ಮನೆಯಲ್ಲೇ ಬಿಯರ್ ಮಾಡುವ ಗೆಳೆಯರೊಬ್ಬರು ಹೇಳಿದರು: "ಬಾಟಲಿಗೊಂದು ಟೀ ಚಮಚ ಸಕ್ಕರೆ ಹಾಕಿ, ಮುಚ್ಚಳ ಒತ್ತಿಬಿಡಿ, ಅಷ್ಟೇ. ನಮ್ಮ ಅಜ್ಜಿ ಏನು ತೂಕ ಹಾಕಿ ಅಡುಗೆ ಮಾಡ್ತಿದ್ರಾ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅಜ್ಜಿಯನ್ನ ಇದಕ್ಕೆ ಎಳೀಬೇಡಿ. ದೋಸೆ ಹಿಟ್ಟಿನ ಪಾತ್ರೆಗೆ ಅವರು ಇಡುತ್ತಿದ್ದದ್ದು ಸಡಿಲ ಮುಚ್ಚಳ. ಹಿಟ್ಟು ಜಾಸ್ತಿ ಉಬ್ಬಿದರೆ ಕಟ್ಟೆ ಮೇಲೆ ಚೆಲ್ಲುತ್ತೆ, ಒರೆಸಿದರೆ ಮುಗೀತು. ಬಿಯರ್ ಬಾಟಲಿಯಲ್ಲಿ ಯೀಸ್ಟ್ ಸಕ್ಕರೆ ತಿಂದು ಬಿಡುವ ಕಾರ್ಬನ್ ಡೈಆಕ್ಸೈಡ್‌ಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಅದು ಬಿಯರಿನಲ್ಲೇ ಕರಗಬೇಕು, ನಮಗೆ ಬೇಕಾದ ಗುಳ್ಳೆ ಬರೋದೂ ಅದರಿಂದಲೇ. ಮಿತಿ ಮೀರಿದರೆ ಗಾಜು ಸೋಲುತ್ತೆ.

ಲೆಕ್ಕ ನೋಡಿ. ಸಾಮಾನ್ಯ ಪೇಲ್ ಏಲ್‌ಗೆ ಲೀಟರಿಗೆ ಸುಮಾರು 6 ಗ್ರಾಂ ಅಡುಗೆಮನೆಯ ಸಕ್ಕರೆ ಸಾಕು. ಅಂದರೆ 355 ಮಿಲಿಲೀಟರ್ ಬಾಟಲಿಗೆ 2 ಗ್ರಾಂ ಚಿಲ್ಲರೆ. ಮಟ್ಟಸವಾದ ಟೀ ಚಮಚದಲ್ಲೇ 4 ಗ್ರಾಂ ಇರುತ್ತೆ, ಗೋಪುರದ ಹಾಗೆ ತುಂಬಿದರೆ 6 ದಾಟುತ್ತೆ. ಬೇಕಾದ್ದಕ್ಕಿಂತ ಎರಡು ಪಟ್ಟು, ಮೂರು ಪಟ್ಟು!

ನಾನೂ ಮೊದಲ ಸಲ ಚಮಚವನ್ನೇ ನಂಬಿದವನು. ಒಂದು ರಾತ್ರಿ ಕ್ಲಾಸೆಟ್ಟಿನಲ್ಲಿ ನಾಲ್ಕು ಬಾಟಲಿ ಒಡೆದವು. ಮರುದಿನ ಮಗಳ ಕೋಟಿನ ತೋಳಿನೊಳಗೆ ಗಾಜಿನ ಚೂರು ಸಿಕ್ಕಿತು. ಅವಳು ಇನ್ನೂ ತೋಳು ತೂರಿಸಿರಲಿಲ್ಲ, ಪುಣ್ಯ.

ತೂಕ ಹಾಕೋದರಲ್ಲಿ ಕಷ್ಟವಾದರೂ ಏನಿದೆ? 19 ಲೀಟರಿಗೆ 115 ಗ್ರಾಂ ಸಕ್ಕರೆ ತೂಗಿ, ಒಂದು ಲೋಟ ನೀರಲ್ಲಿ ಕುದಿಸಿ, ಆರಿಸಿ, ಶುಚಿ ಮಾಡಿದ ಬಕೆಟ್ಟಿಗೆ ಸುರೀರಿ. ಅದರ ಮೇಲೆ ಬಿಯರನ್ನು ಸೈಫನ್ನಿನಿಂದ ಇಳಿಸಿ, ಗಾಳಿ ಸೇರದ ಹಾಗೆ ಮೆಲ್ಲಗೆ ತಿರುವಿ. ಆಗ ಎಲ್ಲ ಬಾಟಲಿಗೂ ಒಂದೇ ಪಾಲು. ಆದರೆ ಅದಕ್ಕೂ ಮೊದಲು ಹುದುಗುವಿಕೆ ಪೂರ್ತಿ ಮುಗಿದಿರಬೇಕು. ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಬೇಕು. ಇಲ್ಲದಿದ್ದರೆ ಉಳಿದ ಸಕ್ಕರೆಯೂ ಬಾಟಲಿಯೊಳಗೇ ಕೆಲಸ ಶುರು ಮಾಡುತ್ತೆ, ನೀವು ತೂಗಿದ್ದು ದಂಡ. ತಿರುಗಿಸಿ ತೆಗೆಯುವ ಮುಚ್ಚಳದ ತೆಳು ಬಾಟಲಿಗಳನ್ನಂತೂ ರೀಸೈಕ್ಲಿಂಗ್ ಡಬ್ಬಕ್ಕೇ ಹಾಕಿ.

"ತೂಕ ಹಾಕಿದೆ, ಆದರೂ ಗ್ಯಾಸೇ ಬರಲಿಲ್ಲ" ಅನ್ನೋರಿಗೆ ನನ್ನ ಪ್ರಶ್ನೆ: ಎಲ್ಲಿಟ್ಟಿದ್ರಿ? ಎಷ್ಟು ದಿನ? ಮಿಚಿಗನ್ ಚಳಿಗಾಲದ ಬೇಸ್‌ಮೆಂಟಿನಲ್ಲಿ 12 ಡಿಗ್ರಿ ಸೆಲ್ಸಿಯಸ್. ಅಲ್ಲಿ ಏಲ್ ಯೀಸ್ಟ್ ಮುದುಡಿ ಮಲಗುತ್ತೆ. ಇಡ್ಲಿ ಹಿಟ್ಟನ್ನು ಓವನ್ ಲೈಟಿನ ಕೆಳಗಿಡುವ ನಮಗೆ ಇದು ಹೊಸದಲ್ಲವಲ್ಲ! ಒಂದೇ ವಾರಕ್ಕೆ ಮುಚ್ಚಳ ತೆಗೆದು, ಸಪ್ಪೆ ಅಂತ ಬೈದು, ಮುಂದಿನ ಸಲ ಸಕ್ಕರೆ ಹೆಚ್ಚಿಸೋದೇ ದೊಡ್ಡ ತಪ್ಪು. 20 ಡಿಗ್ರಿ ಆಸುಪಾಸಿನಲ್ಲಿ ಎರಡು ಮೂರು ವಾರ ಬಿಡಿ. ಆಮೇಲೆ ಎರಡು ದಿನ ಫ್ರಿಜ್ಜು.

ತಡೆಯೋಕಾಗಲ್ವಾ? ಪ್ರತಿ ಸಲವೂ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯನ್ನೂ ತುಂಬಿಸಿ, ಗಾಜಿನ ಬಾಟಲಿಗಳ ಪಕ್ಕದಲ್ಲೇ ಇಡಿ. ದಿನಾ ಬೆರಳಲ್ಲಿ ಒತ್ತಿ ನೋಡಿ. ಕಲ್ಲಿನ ಹಾಗೆ ಬಿಗಿಯಾದ ದಿನ ಒಂದು ಗಾಜಿನ ಬಾಟಲಿಯನ್ನು ಫ್ರಿಜ್ಜಿಗಿಡಿ.