ದಂಡ ಕಟ್ಟುವ ಮುನ್ನ ಒಂದು ನಿಮಿಷ!

ಗಾಡಿಯೇ ಇಲ್ಲದೆ ದಿನವೂ ಬಸ್ಸಿನಲ್ಲಿ ಓಡಾಡುವವರಿಗೂ ನೋ ಪಾರ್ಕಿಂಗ್ ದಂಡ! ನಗಬೇಡಿ. ಕಳ್ಳರು ಸಿಕ್ಕ ಮೊಬೈಲ್ ನಂಬರಿಗೆಲ್ಲ ಕಳಿಸುವ ಮೆಸೇಜು ಇದು. "ದಂಡ 500 ರೂಪಾಯಿ, ಇವತ್ತೇ ಕಟ್ಟದಿದ್ದರೆ ಕೋರ್ಟು" ಅಂತ ಬೆದರಿಕೆ. ಕೆಳಗೊಂದು ಲಿಂಕು, ಇಲ್ಲವೇ 'ಆರ್‌ಟಿಓ ಚಲನ್' ಎಂಬ ಫೈಲು.

ಗಾಡಿ ಇಲ್ಲದವನು ನಕ್ಕು ಸುಮ್ಮನಾದಾನು. ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿದ ವ್ಯಾಪಾರಿ ಹೆದರಿ ಒತ್ತೇ ಬಿಡುತ್ತಾನೆ. ಆ ಫೈಲು 'ಎಪಿಕೆ' ಆಗಿದ್ದು, ಅದನ್ನು ಇನ್‌ಸ್ಟಾಲ್ ಮಾಡಿದರೆ ಮುಗೀತು, ಬ್ಯಾಂಕಿನ ಓಟಿಪಿ ಕಳ್ಳನ ಕೈಗೆ. 500ಕ್ಕೆ ಹೆದರಿದವನ ಖಾತೆಯೇ ಖಾಲಿ!

ಕಳ್ಳನ ಬಂಡವಾಳ ನಮ್ಮ ಅವಸರ. ನಿಜವಾದ ದಂಡ ಎಲ್ಲಿಗೂ ಓಡಿಹೋಗುವುದಿಲ್ಲ ಸ್ವಾಮಿ. ಬಂದ ಲಿಂಕು ಮುಟ್ಟಬೇಡಿ. ಸರ್ಕಾರದ ಇ-ಚಲನ್ ತಾಣಕ್ಕೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ. ತಾಣದ ಹೆಸರು 'ಜಿಓವಿ ಡಾಟ್ ಇನ್' ಎಂದೇ ಮುಗಿಯಬೇಕು. ಇದೆಲ್ಲ ತಲೆಗೆ ಹತ್ತದಿದ್ದರೆ ಠಾಣೆಗೆ ಹೋಗಿ ಕೇಳಿ, ದಂಡ ಇದ್ದರೆ ಕಟ್ಟಿ ರಸೀದಿ ತಗೊಳ್ಳಿ. ಕೇಳೋದರಲ್ಲಿ ನಾಚಿಕೆಯೇನು?

ಮೋಸ ಹೋಗಿಬಿಟ್ಟಿರಾ? ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಪೊಲೀಸರಿಗೂ ಒಂದು ಮಾತು: ಇಷ್ಟನ್ನೇ ಕನ್ನಡದಲ್ಲಿ ಬರೆದು ಬಸ್ ಸ್ಟ್ಯಾಂಡಿನಲ್ಲಿ, ಮಾರ್ಕೆಟ್ಟಿನಲ್ಲಿ ಬೋರ್ಡು ಹಾಕಿಸಬಾರದೇ? ನೋ ಪಾರ್ಕಿಂಗ್ ಬೋರ್ಡಿಗೆ ಸಿಕ್ಕ ಕಂಬ ಇದಕ್ಕೂ ಸಿಕ್ಕೀತು!