ವಿರಾಮ ವಿನೋದ: ಕೈಯಳತೆಯ ಆಕಾಶ

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಅಕ್ಕನ ಮಗ ನಾಲ್ಕು ವಾರ ಇರುವುದಕ್ಕೆಂದು ನಮ್ಮ ಮನೆಗೆ ಬಂದ. ಬರುವಾಗ ಬಟ್ಟೆಯ ಗಂಟಿಗಿಂತ ದೊಡ್ಡದಾದ ಒಂದು ರಟ್ಟಿನ ಪೆಟ್ಟಿಗೆಯನ್ನು ಹೊತ್ತು ತಂದಿದ್ದ. ಬಿಚ್ಚಿ ನೋಡಿದರೆ ಒಳಗೆ ಹತ್ತಿಯಷ್ಟು ಹಗುರವಾದ ಬಿಳಿಯ ಹಲಗೆಗಳು, ಹೆಬ್ಬೆರಳಿಗಿಂತ ತುಸುವೇ ದೊಡ್ಡದಾದ ಒಂದು ಎಂಜಿನ್ನು, ಎರಡು ಸುರುಳಿ ಉಕ್ಕಿನ ತಂತಿ, ಕೈಯಲ್ಲಿ ಹಿಡಿಯಲು ಒಂದು ಹಿಡಿ. ನಮ್ಮ ತಾಯಿಯವರು ಕನ್ನಡಕವನ್ನು ಸರಿಪಡಿಸಿಕೊಂಡು, "ಇದೇನಪ್ಪಾ, ಗಾಳಿಪಟವೇ?" ಎಂದು ಕೇಳಿದರು.

"ಅಲ್ಲ ಅಜ್ಜಿ, ವಿಮಾನ. ನಮ್ಮ ಎನ್.ಸಿ.ಸಿ. ಏರ್ ವಿಂಗ್‌ನಲ್ಲಿ ಹಾರಿಸುತ್ತೇವೆ."

"ವಿಮಾನಕ್ಕೆ ದಾರ ಯಾಕೋ? ದಾರ ಕಟ್ಟಿದ ಮೇಲೆ ಅದು ಹಾರುವುದಾದರೂ ಹೇಗೆ?"

ಪ್ರಶ್ನೆ ಸಮಂಜಸವಾದದ್ದೇ. ಹುಡುಗ ನನ್ನ ಮುಖ ನೋಡಿದ. ಪ್ರತಿ ವಾರವೂ ಈ ಪುಟದಲ್ಲಿ ಸರ್ವಜ್ಞನಂತೆ ಬರೆಯುವ ನಾನು ಆ ದಿನ ಸುಮ್ಮನಿರಬೇಕಾಯಿತು. ಆಮೇಲೆ ಓದಿ, ಕೇಳಿ, ಮುರಿದು, ಅಂಟಿಸಿ ಕಲಿತದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಈ ಬಗೆಯ ವಿಮಾನಕ್ಕೆ 'ಕಂಟ್ರೋಲ್ ಲೈನ್' ಮಾದರಿಯೆಂದು ಹೆಸರು. ಹಾರಿಸುವವನು ಮೈದಾನದ ನಡುವೆ ನಿಲ್ಲುತ್ತಾನೆ. ವಿಮಾನ ಅವನ ಸುತ್ತ ಸುತ್ತುತ್ತದೆ. ಇಬ್ಬರ ನಡುವೆ ಎರಡು ತಂತಿಗಳು. ಇದರ ಹುಟ್ಟೂರು ಅಮೆರಿಕದ ಓರೆಗಾನ್ ಸಂಸ್ಥಾನ. ಪೋರ್ಟ್‌ಲೆಂಡಿನ ಜಿಮ್ ವಾಕರ್ ಎಂಬಾತ 'ಯು-ಕಂಟ್ರೋಲ್' ಎಂಬ ಹೆಸರಿನಿಂದ ಈ ವಿಧಾನಕ್ಕೆ 1942ರಲ್ಲಿ ಪೇಟೆಂಟ್ ಪಡೆದ. ಅವನ 'ಫೈರ್‌ಬಾಲ್' ವಿಮಾನ ಅಂದಿನ ಹುಡುಗರಿಗೆ ಹುಚ್ಚು ಹಿಡಿಸಿತು. ವಾಕರ್ ಸ್ವತಃ ದೊಡ್ಡ ಪ್ರದರ್ಶನಕಾರ. ಎರಡು ಕೈಗಳಲ್ಲಿ ಎರಡು, ತಲೆಗೆ ಕಟ್ಟಿದ ಸಲಕರಣೆಯಿಂದ ಮತ್ತೊಂದು, ಹೀಗೆ ಏಕಕಾಲಕ್ಕೆ ಮೂರು ವಿಮಾನಗಳನ್ನು ಹಾರಿಸಿ ಜನರನ್ನು ಬೆರಗುಗೊಳಿಸುತ್ತಿದ್ದ.

ಆದರೆ ಅದೇ ಓರೆಗಾನ್ ಸಂಸ್ಥಾನದಲ್ಲಿ ಓಬಾ ಸೇಂಟ್ ಕ್ಲೇರ್ ಎಂಬ ಇನ್ನೊಬ್ಬ ಗೃಹಸ್ಥನಿದ್ದ. ಆತ 1930ರ ದಶಕದಲ್ಲಿಯೇ, ವಾಕರನಿಗಿಂತ ಮೊದಲು, ತಂತಿಗಳಿಂದ ವಿಮಾನವನ್ನು ನಡೆಸಿ ನೋಡಿದ್ದ. ಪೇಟೆಂಟಿನ ಗೋಜಿಗೆ ಹೋಗಿರಲಿಲ್ಲ. 1955ರಲ್ಲಿ ಲೆರಾಯ್ ಕಾಕ್ಸ್ ಎಂಬ ಆಟಿಕೆಗಳ ತಯಾರಕನಿಗೂ ವಾಕರನಿಗೂ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದಾಗ, ಸೇಂಟ್ ಕ್ಲೇರನ ಹಳೆಯ ಪ್ರಯೋಗವೇ ಸಾಕ್ಷಿಯಾಗಿ ನಿಂತಿತು. ವಾಕರನ ಪೇಟೆಂಟ್ ಬಿದ್ದುಹೋಯಿತು. ವಿದ್ಯೆ ಸರ್ವರ ಸ್ವತ್ತಾಯಿತು. ಮೂರು ವರ್ಷಗಳ ಬಳಿಕ ವಾಕರ್ ತೀರಿಕೊಂಡ. ಆದರೂ ಆ ದೇಶದ ಜನ ಅವನನ್ನು ಮರೆಯಲಿಲ್ಲ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಲಾಗ ಹಾಕುವ ವಿಮಾನಗಳ ವಿಭಾಗದ ಹಿರಿಯ ಪಾರಿತೋಷಕ ಇರುವುದು ಅವನ ಹೆಸರಿನಲ್ಲಿಯೇ.

ಇನ್ನು ನಮ್ಮ ತಾಯಿಯವರ ಪ್ರಶ್ನೆಗೆ ಬರೋಣ. ವಿಮಾನದ ರೆಕ್ಕೆಯ ನಡುಭಾಗದಲ್ಲಿ 'ಬೆಲ್‌ಕ್ರ್ಯಾಂಕ್' ಎಂಬ ಮೂರು ಮೂಲೆಯ ಒಂದು ಪುಟ್ಟ ತುಂಡು ಮೊಳೆಯ ಮೇಲೆ ತಿರುಗುವಂತೆ ಕೂತಿರುತ್ತದೆ. ಅದರ ಎರಡು ತುದಿಗಳಿಗೆ ಎರಡು ತಂತಿ. ಮೂರನೆಯ ತುದಿಯಿಂದ ಒಂದು ಕಡ್ಡಿ ಹಿಂದಕ್ಕೆ ಹೋಗಿ ಬಾಲದ 'ಎಲಿವೇಟರ್' ರೆಪ್ಪೆಗೆ ಸೇರುತ್ತದೆ. ಕೈಯಲ್ಲಿನ ಹಿಡಿಯನ್ನು ಹಿಂದಕ್ಕೆ ವಾಲಿಸಿದರೆ ಮೇಲಿನ ತಂತಿ ಎಳೆಯುತ್ತದೆ, ಕೆಳಗಿನದು ಬಿಡುತ್ತದೆ. ರೆಪ್ಪೆ ಮೇಲೇಳುತ್ತದೆ, ವಿಮಾನ ಮೇಲಕ್ಕೇರುತ್ತದೆ. ಮುಂದಕ್ಕೆ ವಾಲಿಸಿದರೆ ಇಳಿಯುತ್ತದೆ. ಇಷ್ಟೇ ಯಂತ್ರ. ಬಾವಿಯ ರಾಟೆಯನ್ನು ಬಲ್ಲವರಿಗೆ ಇದರಲ್ಲಿ ಅರ್ಥವಾಗದ ಅಂಶ ಯಾವುದೂ ಇಲ್ಲ.

ಆದರೆ ತಂತಿ ಸಡಿಲವಾದರೆ ಎಲ್ಲವೂ ಮುಗಿಯಿತು. ಆದುದರಿಂದ ವಿಮಾನ ಸದಾ ಹೊರಕ್ಕೆ ಎಳೆಯುತ್ತಿರಬೇಕು, ಹಗ್ಗ ಕಿತ್ತುಕೊಂಡು ಓಡಲು ಹವಣಿಸುವ ಎಳೆಗರುವಿನಂತೆ. 200 ಗ್ರಾಂ ತೂಕದ ಮರಿ ವಿಮಾನವು 10 ಮೀಟರ್ ತಂತಿಯ ತುದಿಯಲ್ಲಿ ನಾಲ್ಕೂವರೆ ಸೆಕೆಂಡಿಗೆ ಒಂದು ಸುತ್ತು ಹಾಕಿದರೆ ಅದರ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. ಕೈಗೆ ತಗಲುವ ಸೆಳೆತ ಸುಮಾರು 400 ಗ್ರಾಂ, ಎಂದರೆ ತನ್ನ ತೂಕದ ಎರಡರಷ್ಟು. ಸ್ಪರ್ಧೆಯ ದೊಡ್ಡ ವಿಮಾನ 1.8 ಕಿಲೋ ತೂಗಿ, 20 ಮೀಟರ್ ತಂತಿಯಲ್ಲಿ 5.3 ಸೆಕೆಂಡಿಗೊಮ್ಮೆ ಸುತ್ತಿದರೆ ಸೆಳೆತ 5 ಕಿಲೋ ದಾಟುತ್ತದೆ. ಈ ಸೆಳೆತಕ್ಕೆ ನೆರವಾಗಲೆಂದು ಬಾಲದ ಚುಕ್ಕಾಣಿಯನ್ನು ಹೊರಮುಖವಾಗಿ ತುಸು ತಿರುಗಿಸುತ್ತಾರೆ. ತಂತಿಗಳ ಭಾರ ಒಳರೆಕ್ಕೆಯನ್ನು ಜಗ್ಗುವುದರಿಂದ ಅದನ್ನು ಸರಿದೂಗಿಸಲು ಹೊರರೆಕ್ಕೆಯ ತುದಿಯಲ್ಲಿ ಚೂರು ಸೀಸವನ್ನು ಇಡುತ್ತಾರೆ. ಒಳಗಿರುವುದು ಎಡರೆಕ್ಕೆ, ಆದ್ದರಿಂದ ವಿಮಾನ ಸುತ್ತುವುದು ಅಪ್ರದಕ್ಷಿಣವಾಗಿ. "ಅದೊಂದು ಸರಿಯಿಲ್ಲ ನೋಡು" ಎಂದರು ನಮ್ಮ ತಾಯಿಯವರು.

ಕಟ್ಟುವ ಕೆಲಸ ಊಟದ ಮೇಜಿನ ಮೇಲೆ ನಡೆಯಿತು. ನಾಲ್ಕು ದಿನ ನಾವು ನೆಲದ ಮೇಲೆ ಕುಳಿತು ಊಟ ಮಾಡಿದೆವು. ಹಲಗೆ ಬಾಲ್ಸಾ ಮರದ್ದು. ಬಹುಪಾಲು ಬರುವುದು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಿಂದ. ಎಲ್ಲ ಹಲಗೆಗಳೂ ಒಂದೇ ತೂಕವಲ್ಲ. ಗಟ್ಟಿಯಾದದ್ದನ್ನು ಒಡಲಿಗೆ, ಹಗುರವಾದದ್ದನ್ನು ಬಾಲಕ್ಕೆ ಆರಿಸಬೇಕು. ಬಾಲ ಭಾರವಾದರೆ ವಿಮಾನ ಹುಚ್ಚುಕುದುರೆಯಾಗುತ್ತದೆ. ಕಲಿಯುವವರ ವಿಮಾನದಲ್ಲಿ ತೂಕದ ಕೇಂದ್ರ ಮುಂದಿನ ತಂತಿಗಿಂತ ಹಿಂದಕ್ಕೆ ಹೋಗಬಾರದೆಂಬುದು ನಿಯಮ. ಎಲಿವೇಟರಿನ ಕೀಲುಗಳನ್ನು ಹುಡುಗ ದಾರದಿಂದಲೇ ಹೊಲಿದ. ಹೊಲಿಗೆ ಸಡಿಲವಾಗಿದೆಯೆಂದು ನನ್ನ ಪತ್ನಿ ಬಿಚ್ಚಿ ಮತ್ತೆ ಹೊಲಿದಳು. ಕಡ್ಡಿಗೆ ಸೈಕಲ್ಲಿನ ಕಡ್ಡಿಯೇ ಒದಗಿತು. ಕೊನೆಗೆ ಒಂದು ಪರೀಕ್ಷೆ: ವಿಮಾನವನ್ನು ಮೂತಿ ಮೇಲಾಗಿ ಎತ್ತಿ ಹಿಡಿದಾಗ ಎಲಿವೇಟರು ತನ್ನ ಭಾರಕ್ಕೆ ತಾನೇ ಜೋಲಬೇಕು. ಎಲ್ಲಿಯಾದರೂ ತಡೆದರೆ ಆ ತಡೆ ಆಕಾಶದಲ್ಲಿ ಪ್ರಾಣ ತೆಗೆಯುತ್ತದೆ. ಇಂಧನದಲ್ಲಿ ಮೆಥನಾಲ್, ಹರಳೆಣ್ಣೆ, ತುಸು ನೈಟ್ರೋಮೀಥೇನ್ ಇರುತ್ತವೆ. ಮೆಥನಾಲ್ ವಿಷ, ಅದರ ಡಬ್ಬಿ ಮಕ್ಕಳ ಕೈಗೆ ಎಟುಕಬಾರದು. ಪ್ರೊಪೆಲ್ಲರನ್ನು ಬರಿಬೆರಳಿನಿಂದ ತಿರುಗಿಸದೆ ಕೋಲಿನಿಂದ ತಿರುಗಿಸುವುದು ಕ್ಷೇಮ.

ಮೈದಾನವನ್ನು ಆರಿಸುವ ಜವಾಬ್ದಾರಿ ನನ್ನದಾಗಿತ್ತು. ಬಡಾವಣೆಯ ಅಂಚಿನ ಖಾಲಿ ಜಾಗವನ್ನು ನೋಡಿಕೊಂಡು ಬಂದೆ. ಹೆಜ್ಜೆ ಹಾಕಿ ಅಳೆದೆ; ಕಲ್ಲು ಮುಳ್ಳುಗಳನ್ನು ತೆಗೆಸಿದೆ. ಭಾನುವಾರ ಬೆಳಿಗ್ಗೆ ನಾವು ತಂತಿ ಬಿಚ್ಚುತ್ತಿದ್ದಾಗ, ದಿನವೂ ಆ ದಾರಿಯಲ್ಲಿ ವಾಯುಸೇವನೆಗೆ ಹೋಗುವ ನಿವೃತ್ತ ಲೈನ್‌ಮನ್ ಒಬ್ಬರು ನಿಂತರು.

"ಸ್ವಾಮಿ, ಆ ತಂತಿ ಯಾವುದರದ್ದು?"

"ಉಕ್ಕಿನದು. ಹತ್ತು ಮೀಟರಿದೆ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವರು ಮಾತಾಡದೆ ಬೆರಳೆತ್ತಿ ತೋರಿಸಿದರು. ಮೈದಾನದ ಒಂದು ಅಂಚಿನಲ್ಲಿ, ನಾನು ನೆಲವನ್ನಷ್ಟೇ ನೋಡಿ ಕಾಣದೆ ಹೋಗಿದ್ದ ಕಂಬಗಳ ಮೇಲೆ, 11,000 ವೋಲ್ಟಿನ ಲೈನು ಹಾದುಹೋಗಿತ್ತು. ನಾನು ಗುರುತು ಹಾಕಿದ್ದ ವೃತ್ತದ ಅಂಚು ಅದರ ಅಡಿಗೇ ಬರುತ್ತಿತ್ತು.

ವಾಚಕರೇ, ಆ ಕ್ಷಣದಲ್ಲಿ ನನ್ನ ಕೈಕಾಲು ತಣ್ಣಗಾದದ್ದನ್ನು ಬರೆದು ತಿಳಿಸಲಾರೆ. ವಿಮಾನದ ತಂತಿ ಆ ಲೈನಿಗೆ ತಾಗಿದರೆ ವಿದ್ಯುತ್ತು ನೇರವಾಗಿ ಹುಡುಗನ ಅಂಗೈಗೆ ಇಳಿಯುತ್ತದೆ. ಹೆಚ್ಚಿನ ಒತ್ತಡದ ಲೈನಾದರೆ ತಾಗಬೇಕೆಂದೂ ಇಲ್ಲ, ಸಮೀಪಕ್ಕೆ ಬಂದರೂ ಸಾಕು. ಈ ಹವ್ಯಾಸದಲ್ಲಿ ಪರದೇಶಗಳಲ್ಲಿ ಸಂಭವಿಸಿರುವ ಸಾವುಗಳಲ್ಲಿ ಇದೂ ಒಂದು ಕಾರಣವೆಂದು ಆಮೇಲೆ ಓದಿದೆ. ಹುಡುಗನನ್ನು ನನ್ನ ಮೇಲಿನ ನಂಬಿಕೆಯಿಂದ ಕಳುಹಿಸಿದ್ದಳು ಅಕ್ಕ. ಆ ಹಿರಿಯರಿಗೆ ಕೈಮುಗಿದು, ಸಾಮಾನನ್ನು ಕಟ್ಟಿಕೊಂಡು ಮನೆಗೆ ಬಂದೆವು. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಈ ಲೇಖನದಲ್ಲಿ ಬೇರೆ ಯಾವುದನ್ನು ಮರೆತರೂ ಇದೊಂದನ್ನು ಮರೆಯಬೇಡಿರಿ: ಮೊದಲು ತಲೆಯೆತ್ತಿ ನೋಡಿ, ಅನಂತರ ನೆಲ ನೋಡಿ. ವಿದ್ಯುತ್ ಲೈನು ಕಾಣುವ ಕಡೆ, ಗುಡುಗು ಮಿಂಚಿನ ಲಕ್ಷಣವಿರುವ ದಿನ, ಈ ವಿಮಾನ ಪೆಟ್ಟಿಗೆಯಲ್ಲಿಯೇ ಇರಲಿ.

ಮುಂದಿನ ಭಾನುವಾರ ಊರಾಚೆಯ ಒಂದು ಶಾಲೆಯ ವಿಶಾಲವಾದ ಬಯಲಿಗೆ, ಅನುಮತಿ ಪಡೆದು, ಹೋದೆವು. ಎಂಜಿನ್ನು ಜೀರುಂಡೆಯಂತೆ ಕಿರುಚತೊಡಗಿತು. ಹುಡುಗ ನಡುವೆ ನಿಂತ. ನಾನು ಹಿಡಿಯನ್ನು ಅವನ ಕೈಗಿತ್ತು, ಮಣಿಕಟ್ಟಿಗೆ ಪಟ್ಟಿಯನ್ನು ಬಿಗಿದು, ಓಡಿಹೋಗಿ ವಿಮಾನವನ್ನು ಬಿಟ್ಟೆ. ಹಿಡಿ ಕೈಜಾರಿದರೂ ವಿಮಾನ ಜನರ ಮೇಲೆ ನುಗ್ಗದಿರಲಿ ಎಂಬುದಕ್ಕಾಗಿ ಆ ಪಟ್ಟಿ. ವಿಮಾನ ನೆಲ ಬಿಟ್ಟಿತು. ಹುಡುಗ ಮೇಲಕ್ಕೆಂದು ಹಿಡಿಯನ್ನು ವಾಲಿಸಿದ. ವಿಮಾನ ನೆಲಕ್ಕೆ ಮೂತಿ ಗುದ್ದಿತು. ಕಾಲು ಸೆಕೆಂಡೂ ಹಿಡಿಯಲಿಲ್ಲ. ರೆಕ್ಕೆ ಎರಡು ತುಂಡು.

ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ನಾನು ಹಿಡಿಯನ್ನು ತಲೆಕೆಳಗಾಗಿ ಕೊಟ್ಟಿದ್ದೆ. ಮೇಲಿನ ತಂತಿ ಕೆಳಗಾಗಿ, ಏರು ಇಳಿಯಾಗಿತ್ತು.

"ತಪ್ಪು ನನ್ನದಪ್ಪಾ" ಎಂದೆ.

"ಇಲ್ಲ ಮಾವ, ಹಿಡಿದ ಮೇಲೆ ಒಂದು ಸಲ ವಾಲಿಸಿ ಎಲಿವೇಟರ್ ಯಾವ ಕಡೆ ಏಳುತ್ತದೆ ಅಂತ ನೋಡಬೇಕಿತ್ತು. ನಮ್ಮ ಮೇಷ್ಟ್ರು ನೂರು ಸಲ ಹೇಳಿದ್ದಾರೆ. ನಾನು ನೋಡಲಿಲ್ಲ" ಎಂದ. ಎಂಟು ದಿನಗಳ ದುಡಿಮೆ ಕೈಯಲ್ಲಿ ಚೂರಾಗಿದ್ದಾಗ ಹದಿನೇಳು ವರ್ಷದ ಹುಡುಗ ಆಡಿದ ಮಾತು ಅದು. ಅಂದು ರಾತ್ರಿಯೇ ರೆಕ್ಕೆಯನ್ನು ಅಂಟಿಸಿದೆವು. ಹಿಡಿಯ ಮೇಲ್ಭಾಗಕ್ಕೆ ನನ್ನ ಪತ್ನಿ ಉಗುರಿನ ಕೆಂಪು ಬಣ್ಣವನ್ನು ಬಳಿದಳು.

ಮೂರನೆಯ ಭಾನುವಾರ ಅದು ಹಾರಿತು. ಕಲಿಯುವವನು ಮಣಿಕಟ್ಟನ್ನು ಕುಣಿಸದೆ, ತೋಳನ್ನು ನೀಳವಾಗಿ ಚಾಚಿ, ಭುಜದಿಂದಲೇ ಮೆಲ್ಲನೆ ಏರಿಸಿ ಇಳಿಸಬೇಕು. ಇಂಧನ ಸ್ವಲ್ಪವೇ ತುಂಬಬೇಕು. ಏಕೆಂದರೆ ತಲೆ ಸುತ್ತುವುದು ನಿಶ್ಚಯ. ಕಣ್ಣನ್ನು ವಿಮಾನದ ಮೇಲೆಯೇ ನೆಟ್ಟರೆ ಸುತ್ತು ಕಡಿಮೆ. ನಾನೂ ಒಮ್ಮೆ ಹಿಡಿದೆ. ಆರು ಸುತ್ತಿನ ಬಳಿಕ ವಿಮಾನ ಸುರಕ್ಷಿತವಾಗಿ ಇಳಿಯಿತು; ನಾನೂ ನೆಲದ ಮೇಲೆ ಕುಳಿತೆ. ಆದರೆ ಆ ಆರು ಸುತ್ತುಗಳಲ್ಲಿ ತಂತಿಯ ಮೂಲಕ ಬೆರಳಿಗೆ ಬಂದ ಮಿಡಿತ ಇಂದಿಗೂ ನೆನಪಿದೆ. ಗಾಳಿಯ ಒಂದೊಂದು ತಟ್ಟೂ ಕೈಗೆ ತಿಳಿಯುತ್ತದೆ. ರೇಡಿಯೋ ವಿಮಾನದಲ್ಲಿ ಈ ಸುಖವಿಲ್ಲವೆಂದು ಹುಡುಗ ಹೇಳುತ್ತಾನೆ.

ಬಲ್ಲವರ ವಿದ್ಯೆಯಾದರೋ ಬೇರೆಯೇ. 1960ರಲ್ಲಿ ಬುಡಾಪೆಸ್ಟ್ ನಗರದಲ್ಲಿ ತಂತಿಯ ವಿಮಾನಗಳ ವಿಶ್ವಸ್ಪರ್ಧೆ ಆರಂಭವಾಯಿತು. ಲಾಗದ ವಿಭಾಗಕ್ಕೆ ಎಫ್2ಬಿ ಎಂದು ಹೆಸರು. ಏಳು ನಿಮಿಷಗಳೊಳಗೆ ಎಂಜಿನ್ನು ಹೊರಡಿಸಿ, ನಿಯಮಿತ ಕ್ರಮದಲ್ಲಿ ಎಲ್ಲ ಲಾಗಗಳನ್ನೂ ಹಾಕಿ ಇಳಿಯಬೇಕು. ಒಳಸುತ್ತು ಮೂರು, ಬೆನ್ನಡಿಯಾಗಿ ಎರಡು ಪ್ರದಕ್ಷಿಣೆ, ಹೊರಸುತ್ತು ಮೂರು. ಆಮೇಲೆ ಚೌಕ, ತ್ರಿಕೋನ, ಮರಳು ಗಡಿಯಾರ, ನಾಲ್ಕೆಸಳಿನ ಹೂವು. ನಡುವೆ ಎಂಟರ ಆಕೃತಿಗಳು ಹಲವು. ನಮ್ಮ ಕನ್ನಡದ ಎಂಟಲ್ಲ, ಇಂಗ್ಲಿಷ್ ಅಂಕಿಯ 8. ಪ್ರತಿ ಆಕೃತಿಯ ತಳವೂ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರಬೇಕು. ತೀರ್ಪುಗಾರರು ಹತ್ತರೊಳಗೆ ಅಂಕವಿತ್ತು, ಕಷ್ಟಕ್ಕೆ ತಕ್ಕ ಗುಣಕದಿಂದ ಹೆಚ್ಚಿಸುತ್ತಾರೆ. ಒಳಸುತ್ತಿನಲ್ಲಿ ಹೊಸೆದುಕೊಂಡ ತಂತಿಗಳು ಹೊರಸುತ್ತಿನಲ್ಲಿ ಬಿಚ್ಚಿಕೊಳ್ಳುತ್ತವೆ. ಹೊಸೆದಿರುವಾಗಲೂ ಉಕ್ಕು ಉಕ್ಕಿನ ಮೇಲೆ ನಯವಾಗಿ ಜಾರುವುದರಿಂದ ಹತೋಟಿ ತಪ್ಪುವುದಿಲ್ಲ.

ಈ ಲಾಗಗಳಿಗೆಂದೇ ವಿಮಾನದ ರೂಪವೂ ಬದಲಾಯಿತು. ಜಾರ್ಜ್ ಆಲ್ಡ್ರಿಚ್ ರಚಿಸಿದ 'ನೋಬ್ಲರ್' ವಿಮಾನದ ನಕ್ಷೆ 1952ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದರ ರೆಕ್ಕೆಯ ಹಿಂಚಿನಲ್ಲಿ 'ಫ್ಲ್ಯಾಪ್' ಎಂಬ ರೆಪ್ಪೆಗಳು. ಬಾಲದ ರೆಪ್ಪೆ ಮೇಲೆದ್ದಾಗ ಇವು ಕೆಳಗಿಳಿದು ರೆಕ್ಕೆಗೆ ಹೆಚ್ಚಿನ ಎತ್ತುಬಲವನ್ನು ಕೊಡುತ್ತವೆ. ಅದರಿಂದ ವಿಮಾನ ಇಕ್ಕಟ್ಟಾದ ತಿರುವಿನಲ್ಲಿಯೂ ತತ್ತರಿಸದು. ಈಗ ಅನೇಕರು ಎಂಜಿನ್ನಿನ ಬದಲು ವಿದ್ಯುತ್ ಮೋಟಾರನ್ನು ಕೂರಿಸುತ್ತಾರೆ. ನೆರೆಹೊರೆಯವರಿಗೆ ನಿದ್ದೆಯುಂಟು, ಬಟ್ಟೆಗೆ ಹರಳೆಣ್ಣೆಯ ಕಲೆಯಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಬೆನ್ನಡಿಯ ಹಾರಾಟ. ವಿಮಾನ ತಲೆಕೆಳಗಾದೊಡನೆ ಏರು ಇಳಿಯಾಗುತ್ತದೆ, ಇಳಿ ಏರಾಗುತ್ತದೆ. ಗಾಬರಿಯಲ್ಲಿ ಕೈ ಹಳೆಯ ರೂಢಿಯಂತೆ ಎಳೆದರೆ ವಿಮಾನ ನೆಲಕ್ಕೆ ಬೀಳುತ್ತದೆ. ನಾನು ಹಿಡಿಯನ್ನು ತಿರುವಿ ಕೊಟ್ಟು ಮಾಡಿದ ಪ್ರಮಾದವನ್ನು ಅವರು ಉದ್ದೇಶಪೂರ್ವಕವಾಗಿ ಮಾಡಿ ಅದರೊಳಗೇ ಹಾರಲು ಕಲಿಯುತ್ತಾರೆ.

ರಜೆಯ ಕೊನೆಯ ಭಾನುವಾರ ನಮ್ಮ ತಾಯಿಯವರೂ ಬಯಲಿಗೆ ಬಂದರು. ಕೊಡೆಯ ನೆರಳಿನಲ್ಲಿ ಕುಳಿತು ನೋಡುತ್ತಿದ್ದರು. ಹುಡುಗ ಗಾಳಿಗೆ ಬೆನ್ನು ಕೊಟ್ಟು ನಿಂತು, ವಿಮಾನವನ್ನು ತನ್ನ ಎದುರಿಗೆ ಬರಮಾಡಿಕೊಂಡು, ಹಿಡಿಯನ್ನು ವಾಲಿಸಿದ. ಅಂಟಿಸಿದ ರೆಕ್ಕೆಯ ಆ ವಿಮಾನ ಮೇಲೆದ್ದು, ಮಗುಚಿ, ಬಳೆಯಂತೆ ಗುಂಡಾದ ಒಂದು ಸುತ್ತು ಹಾಕಿ, ಹೊರಟ ಎತ್ತರಕ್ಕೇ ಬಂದು ಸೇರಿತು. ನಾನು ಉಸಿರು ಬಿಟ್ಟೆ. ಇಂಧನ ಮುಗಿದು ಅದು ಹುಲ್ಲಿನ ಮೇಲೆ ಜಾರಿ ನಿಂತಾಗ ನಮ್ಮ ತಾಯಿಯವರು ಎದ್ದುಹೋಗಿ, ಬೆವೆತ ಹುಡುಗನ ಕೈಯನ್ನು ತಿರುಗಿಸಿ ನೋಡಿದರು. ಅಂಗೈಯಲ್ಲಿ ಹಿಡಿಯ ಗುರುತು ಕೆಂಪಗೆ ಮೂಡಿತ್ತು.

"ಮುಂದಿನ ರಜೆಗೂ ಬಾ" ಎಂದರು. "ಊಟದ ಮೇಜಿಗೆ ಮಾತ್ರ ಹಳೆಯ ಪತ್ರಿಕೆ ಹಾಸಿಕೋ."